ಅತ್ತೆಯ ಬೆನ್ನು ಮತ್ತು ನನ್ನ ಓಟದ ಮೋಟಾರು

ಸುಖವು ಆತ್ಮದಲ್ಲಿ ನೆಲೆಸಿದೆಯೋ ದೇಹದಲ್ಲಿಯೋ ಎಂಬ ಪ್ರಶ್ನೆಯನ್ನು ಬಲ್ಲವರು ಬಹುಕಾಲದಿಂದ ವಿಚಾರಿಸುತ್ತ ಬಂದಿದ್ದಾರೆ. ಅವರಲ್ಲಿ ಯಾರೂ ಶಿರಸಿಯಿಂದ ಭೈರುಂಬೆಯವರೆಗೆ ನನ್ನ ಮೋಟಾರಿನಲ್ಲಿ ಕೂತು ಹೋದವರಲ್ಲ. ಹೋಗಿದ್ದರೆ ಮೊದಲನೆಯ ಮೈಲಿಗಲ್ಲು ಬರುವುದರೊಳಗೆ ವಿಚಾರ ಮುಗಿಯುತ್ತಿತ್ತು. ಸುಖವು ಬೆನ್ನುಮೂಳೆಯ ತೀರ ಕೆಳತುದಿಯಲ್ಲಿದೆ. ಅಲ್ಲಿಂದ ಅದು ಹೊರಟುಹೋದ ಮೇಲೆ ಆತ್ಮಕ್ಕೆ ಮಾಡಲು ಹೆಚ್ಚಿನ ಕೆಲಸ ಉಳಿಯುವುದಿಲ್ಲ.

ನಾನು ಶಿರಸಿಯಲ್ಲಿ ವಕೀಲಿ ಮಾಡುವವನು. ಜಂಗಲ್ ಖಾತೆಯ ದೊರೆಯೊಬ್ಬರು ವಿಲಾಯತಿಗೆ ಮರಳುವಾಗ ತಮ್ಮ ಮೋಟಾರನ್ನು ನನಗೆ ಕೊಟ್ಟು ಹೋದರು. ಅದು ಎರಡೇ ಆಸನದ ಓಟದ ಮೋಟಾರು; ಕೆಂಪು ಬಣ್ಣ, ತಲೆಯ ಮೇಲೆ ಮಾಡು ಇಲ್ಲ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಅದರಲ್ಲಿ ಕೂತರೆ ದಾರಿಯ ಎಮ್ಮೆಗಳು ಮೇಲಿನಿಂದ ಕೆಳಗೆ ನೋಡುತ್ತಿದ್ದವು. ಹನ್ನೊಂದು ವರ್ಷ ನಡೆಯುವ ದಾವೆಗಳಿಂದ ಜೀವನ ಸಾಗಿಸುವವನಿಗೆ ಇಷ್ಟು ವೇಗ ಏಕೆ ಬೇಕಾಯಿತೆಂದು ಯಾರೂ ಕೇಳದಿರಲಿ ಎಂದು ನಾನೇ ಮುಂಚಿತವಾಗಿ ಸಾರಿಬಿಟ್ಟೆ: “ಇದು ಅತ್ತೆಗಾಗಿ.”

ಅತ್ತೆಯೆಂದರೆ ನನ್ನ ತಂದೆಯ ತಂಗಿ ಗಂಗತ್ತೆ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ನನಗೆ ತಲೆ ನರೆತರೂ ‘ತಮಾ’ ಎಂದೇ ಕರೆಯುವವಳು. ಅವಳ ಅಕ್ಕ, ನನ್ನ ದೊಡ್ಡತ್ತೆ, ಇದ್ದದ್ದು ಯಲ್ಲಾಪುರದಲ್ಲಿ. ಅಕ್ಕತಂಗಿ ಮುಖ ನೋಡದೆ ಎಂಟು ವರ್ಷವಾಗಿತ್ತು. ಅತ್ತೆಯ ಬೆನ್ನು ಎತ್ತಿನ ಗಾಡಿಯನ್ನು ತಾಳುತ್ತಿರಲಿಲ್ಲ, ಹೊಟ್ಟೆ ಜನ ತುಂಬಿದ ಸರ್ವಿಸ್ ಮೋಟಾರಿನ ವಾಸನೆಯನ್ನು ತಾಳುತ್ತಿರಲಿಲ್ಲ. ಆ ವರ್ಷ ದೊಡ್ಡತ್ತೆಯಿಂದ ಬಾಯಿಮಾತಿನಲ್ಲಿ ಒಂದು ಸುದ್ದಿ ಬಂತು: “ಕಣ್ಣು ಮಂಜಾಗ್ತಾ ಇದ್ದು. ಮುಖ ಗುರ್ತು ತಪ್ಪೋದ್ರೊಳಗೆ ಒಂದ್ಸಲ ಬಂದು ಹೋಗು.” ಮರುದಿನ ಬೆಳಗ್ಗೆ ಗಂಗತ್ತೆ ಅಂಗಳಕ್ಕೆ ಬಂದು, ಮೋಟಾರನ್ನು ಒಂದು ಸುತ್ತು ಹಾಕಿ, “ಇದು ಯಲ್ಲಾಪುರಕ್ಕೆ ಹೋಗ್ತನಾ?” ಎಂದಳು.

ಮೊದಲು ಭೈರುಂಬೆಯವರೆಗೆ ಹೋಗಿ ನೋಡೋಣ ಎಂದೆ. ಹೊರಟು ಎರಡು ಮೈಲಿ ಆಗಿರಲಿಲ್ಲ, ಅತ್ತೆ ನನ್ನ ತೋಳು ಹಿಡಿದಳು. “ಇಳಿಸು ತಮಾ, ಆನು ನಡೆದೇ ಹೋಗ್ತೆ.”

“ಎಂತ ಆತು ಅತ್ತೆ?”

“ಎಂತದೂ ಆಜಿಲ್ಲೆ. ಅಕ್ಕನ್ನ ನೋಡವು ಹೇಳಿ ಇದ್ದು. ಆದ್ರೆ ಹೋಪಾಗ ಯನ್ನ ಸೊಂಟವೂ ಜೊತೆಗೇ ಬರವಲಾ?”

ಅವಳು ನಿಜವಾಗಿಯೂ ಇಳಿದು ಮನೆಯ ಕಡೆ ನಡೆದಳು. ನಾನು ಮೋಟಾರು ತಿರುಗಿಸಿ, ನಡೆಯುವ ವೇಗದಲ್ಲಿ, ಅವಳ ಹಿಂದೆ ಬಂದೆ. ಸಂತೆಗೆ ಹೋಗುವವರು ದಾರಿ ಬಿಟ್ಟು ನಿಂತು ನೋಡಿದರು.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಮೋಟಾರಿನ ಜೊತೆ ದೊರೆ ಒಂದು ಇಂಗ್ಲಿಷ್ ಪುಸ್ತಿಕೆ ಕೊಟ್ಟಿದ್ದರು. ಗಾಲಿಗೆ ಇಪ್ಪತ್ತನಾಲ್ಕು ಪೌಂಡು ಗಾಳಿ ತುಂಬಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಆದರೆ ನಾನು ಬೆಳೆದದ್ದು ಊಟದ ಪಂಕ್ತಿಯಲ್ಲಿ ಬಡಿಸುತ್ತ. ನಮ್ಮಲ್ಲಿ ಅತಿಥಿಯು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು “ಸಾಕು” ಎಂದರೆ ಅದು ಮಾತುಕತೆಯ ಆರಂಭ. ಆ ಮಾತನ್ನು ಹಾಗೆಯೇ ನಂಬಿ ಮುಂದಿನ ಎಲೆಗೆ ಹೋದ ಬಡಿಸುವವನನ್ನು ಎರಡನೆಯ ಸಲ ಯಾರೂ ಕರೆಯುವುದಿಲ್ಲ. ಕೈಯ ಸಂದಿನಲ್ಲಾದರೂ ಒಂದು ಸೌಟು ಪಾಯಸ ಇಳಿಸಿದಾಗಲೇ ಮರ್ಯಾದೆ. ಹೀಗಾಗಿ ಪುಸ್ತಿಕೆಯ ಇಪ್ಪತ್ತನಾಲ್ಕನ್ನು ನಾನು ಮೋಟಾರಿನ ಸಂಕೋಚವೆಂದು ತಿಳಿದೆ. ದಿನಾ ಬೆಳಗ್ಗೆ ಪಂಪು ಹಿಡಿದು, “ಇನ್ನು ಸ್ವಲ್ಪ, ಇನ್ನು ಸ್ವಲ್ಪ” ಎಂದು ನಾಲ್ಕೂ ಗಾಲಿಗೆ ಉಪಚಾರ ಮಾಡಿ ನಲವತ್ತು ದಾಟಿಸಿದ್ದೆ. ಪಾಪ, ಅವು ಎಲೆಯ ಮುಂದಿನಿಂದ ಎದ್ದುಹೋಗುವಂತಿರಲಿಲ್ಲ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮ. ಪ್ರತಿ ಗಾಲಿಯ ಬಳಿ ಎರಡು ಕಬ್ಬಿಣದ ತೋಳು, ನಡುವೆ ಒಂದು ಬಿಲ್ಲೆ, ಅದರ ಮೇಲೊಂದು ನಟ್ಟು ಇತ್ತು. ನಟ್ಟು ಬಿಗಿದಷ್ಟೂ ತೋಳುಗಳ ಆಟ ಕಡಿಮೆ. ತೋಳು ಆಡದಿದ್ದರೆ ಕೆಳಗಿನ ಸ್ಪ್ರಿಂಗಿನ ಪಟ್ಟಿಗಳೂ ಬಾಗುವುದಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಗೊತ್ತಿದ್ದದ್ದು, ಮರ್ಯಾದಸ್ಥರ ಮನೆಯಲ್ಲಿ ಯಾವ ನಟ್ಟೂ ಸಡಿಲ ಇರಬಾರದು ಎಂದಷ್ಟೇ. ಪ್ರತಿ ಸೋಮವಾರ ಸ್ನಾನಕ್ಕೆ ಮೊದಲು ನಾಲ್ಕನ್ನೂ ಬಿಗಿಯುತ್ತಿದ್ದೆ.

ಮೋಟಾರು ರಿಪೇರಿಯ ಇಮಾಮ್ ಸಾಬರನ್ನು ಕರೆಸಿದೆ. ಅವರ ತಂದೆಯ ಕಾಲದಲ್ಲಿ ಆ ಮನೆಯವರದು ಕುಮಟೆಗೆ ಗಾಡಿ ಹೂಡುವ ವ್ಯವಹಾರ. ಅವರು ಬೆರಳ ಗೆಣ್ಣಿನಿಂದ ಟೈರನ್ನು ತಟ್ಟಿ ಕಿವಿಗೊಟ್ಟರು.

“ಇದು ಟೈರಲ್ಲ ವಕೀಲ್ರೇ, ತೆಂಗಿನಕಾಯಿ.”

ಆಮೇಲೆ ಹಿಂಬದಿಗೆ ಹೋಗಿ, ತಮ್ಮ ಭಾರಿ ದೇಹವನ್ನು ಮೋಟಾರಿನ ಮೇಲೆ ಹೇರಿ ಎರಡು ಸಲ ಕುಪ್ಪಳಿಸಿದರು. ಮೋಟಾರು ಕೂದಲೆಳೆಯಷ್ಟೂ ಕುಗ್ಗಲಿಲ್ಲ. “ಗಾಳಿ, ಪಟ್ಟಿ, ಗಾದಿ, ಮೂರೂ ಸೇರಿ ಪೆಟ್ಟು ಹಂಚಿಕೊಳ್ಬೇಕು. ನೀವು ಎರಡನ್ನ ಕಲ್ಲು ಮಾಡಿಟ್ಟೀರಿ. ಗಾದಿ ಒಂದೇ ಏನು ಮಾಡ್ತದೆ ಪಾಪ?”

ಉಳಿದದ್ದನ್ನು ನಾಳೆ ಬಂದು ಸರಿಮಾಡುತ್ತೇನೆಂದು ಅವರು ಹೋದರು. ನಾಳೆಯವರೆಗೆ ಕಾಯುವವನು ವಕೀಲನಾದಾನೇ? ಗಾಳಿ ಹೆಚ್ಚಾದರೆ ದೋಷ, ಆದ್ದರಿಂದ ಕಡಿಮೆಯಾದರೆ ಗುಣ ಎಂದು ವಾದ ಹೂಡಿ, ಗಾಲಿಗಳು ಹಸಿದ ಹೊಟ್ಟೆಯಂತಾಗುವವರೆಗೆ ಗಾಳಿ ಬಿಟ್ಟು, ಅತ್ತೆಯನ್ನು ಮತ್ತೆ ಕೂಡಿಸಿಕೊಂಡು ಹೊರಟೆ. ಈ ಸಲ ಕುಟ್ಟುವಿಕೆ ಅಷ್ಟಿರಲಿಲ್ಲ. ಬದಲಿಗೆ ಪ್ರತಿ ತಿರುವಿನಲ್ಲೂ ಮೋಟಾರು ತುಂಬಿದ ಕೊಡದಂತೆ ತುಳುಕಿತು. ಸ್ಟೇರಿಂಗಿಗೆ ನಾನು ಹೇಳಿದ ಮಾತು ಗಾಲಿಗೆ ತಲುಪುವಷ್ಟರಲ್ಲಿ ತಿರುವು ಮುಗಿದಿರುತ್ತಿತ್ತು. ಮೂರನೆಯ ಮೈಲಿಯಲ್ಲಿ ಒಂದು ಕಲ್ಲು ಟೈರನ್ನು ಅಪ್ಪಚ್ಚಿ ಮಾಡಿ, ಗಾಲಿಯ ಅಂಚಿಗೂ ತನಗೂ ನಡುವೆ ಟ್ಯೂಬನ್ನು ಚಿವುಟಿ ಹರಿದುಹಾಕಿತು.

ಅತ್ತೆ ಮೈಲಿಗಲ್ಲಿನ ಮೇಲೆ ಕೂತು ಹೇಳಿದಳು: “ಮೊದ್ಲು ಕುಟ್ದೆ, ಈಗ ತೊಟ್ಲು ತೂಗ್ತೆ. ನಡುವೆ ಎಂತದೂ ಇಲ್ಲೆ ನಿಂಗೆ?”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ನನಗೆ ನೋವಾಯಿತು. ಆಸೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಡುವಾಗ ಅವಳು ಹಾಗೆ ಮಾತಾಡುತ್ತಾಳೆ.

ಮರುದಿನ ಇಮಾಮ್ ಸಾಬರು ನನ್ನ ಮುಖ ನೋಡದೆ ಟ್ಯೂಬಿಗೆ ತೇಪೆ ಹಾಕಿದರು, ಪುಸ್ತಿಕೆಯ ಇಪ್ಪತ್ತನಾಲ್ಕಕ್ಕೆ ಗಾಳಿ ನಿಲ್ಲಿಸಿದರು, ನಟ್ಟುಗಳನ್ನು ಸಡಿಲಿಸಿದರು. ನಾನೂ ಅತ್ತೆಯೂ ಕೂತು ಒಂದು ಸುತ್ತು ಬಂದೆವು. ಎಷ್ಟೋ ವಾಸಿ, ಆದರೂ ಹಿಂಭಾಗ ಇನ್ನೂ ಕುಣಿಯುತ್ತಿತ್ತು. ಇಮಾಮ್ ಸಾಬರು ಕೆಳಗೆ ಬಗ್ಗಿ ಸ್ಪ್ರಿಂಗಿನ ಪಟ್ಟಿಗಳನ್ನು ಎಣಿಸಿದರು. “ಇದು ಇಬ್ಬರು ದೊರೆ, ಅವರ ನಾಯಿ, ಬಂದೂಕು, ಪೆಟ್ಟಿಗೆ ಎಲ್ಲಾ ಲೆಕ್ಕ ಹಾಕಿ ಕೂಡಿಸಿದ ಪಟ್ಟಿ. ನೀವೂ ಅಮ್ಮಾನೂ ಸೇರಿ ಒಬ್ಬ ದೊರೆಯೂ ತೂಗೋದಿಲ್ಲ. ಪಟ್ಟಿಗೆ ನೀವು ಕೂತದ್ದೇ ಗೊತ್ತಾಗೋದಿಲ್ಲ. ಎರಡು ಪಟ್ಟಿ ಬಿಚ್ಚಬಹುದು. ಆದರೆ ದೊಡ್ಡ ಗುಂಡಿ ಬಂದರೆ ಅಡಿ ಬಡೀತದೆ.”

ಅತ್ತೆ ಜಗಲಿಯಿಂದಲೇ ಕೇಳಿದಳು: “ಇಮಾಮ್, ನಿನ್ನ ಅಪ್ಪ ಕುಮಟೆಯಿಂದ ಖಾಲಿ ಗಾಡಿ ಹೊಡ್ಕಂಡು ಬರ್ತಿದ್ನನಾ?”

ಇಮಾಮ್ ಸಾಬರು ಸ್ಪ್ಯಾನರ್ ಕೆಳಗಿಟ್ಟರು. “ಇಲ್ಲ ಅಮ್ಮಾ. ಖಾಲಿ ಗಾಡಿ ಕುಣಿದು ಸೊಂಟ ಮುರೀತದೆ ಅಂತ ಉಪ್ಪಿನ ಮೂಟೆ ಹೇರಿಯೇ ಬರ್ತಿದ್ದ.”

“ಮತ್ತೆಂತಕ್ಕೆ ಪಟ್ಟಿ ಬಿಚ್ಚೋದು? ಅಕ್ಕಂಗೆ ಹೆಂಗೂ ಅಕ್ಕಿ ಕೊಡವು. ಹಿಂದೆ ಎರಡು ಚೀಲ ಹೇರು.”

ನಾನು ಗಂಭೀರವಾಗಿ ಆಕ್ಷೇಪಿಸಿದೆ. ಇದು ಓಟದ ಮೋಟಾರು, ಇದರ ಮೇಲೆ ಅಕ್ಕಿ ಚೀಲ ಹೇರುವುದು ಶೋಭೆಯಲ್ಲ ಎಂದೆ.

“ಓಡೋದು ನಿಮಗೆ ಬೇಕು ವಕೀಲ್ರೇ,” ಎಂದರು ಇಮಾಮ್ ಸಾಬರು, ಹಗ್ಗ ಬಿಗಿಯುತ್ತ. “ಅಮ್ಮನಿಗೆ ಬೇಕಾದ್ದು ಊರು ಮುಟ್ಟೋದು. ಒಂದು ಮಾತು, ನಟ್ಟು ಸಡಿಲ ಮಾಡೀನಿ, ತಾಸಿಗೆ ಹದಿನೈದು ಮೈಲಿಯ ಮೇಲೆ ಹೋಗಬೇಡಿ. ಹೋದರೆ ಮತ್ತೆ ಕುಣೀತದೆ.”

ಬೆಳಗ್ಗೆ ಹೊರಟೆವು. ಗಾಳಿಗನ್ನಡಕ ಹಾಕಿಕೊಂಡದ್ದು ನನ್ನ ಮತ್ತೊಂದು ಅವಿವೇಕ. ಆ ವೇಗದಲ್ಲಿ ಗಾಳಿ ನಮ್ಮನ್ನು ಹಿಂದಿನಿಂದ ಬಂದು ದಾಟುತ್ತಿತ್ತು. ಮಂಚಿಕೇರಿಯ ಈಚೆ ಸರ್ವಿಸ್ ಮೋಟಾರೂ ದಾಟಿತು. ಅದರ ಕಿಟಕಿಯಿಂದ ಮೂಡಣ ಸೀಮೆಯ ಒಬ್ಬ ಗೃಹಸ್ಥರು ತಲೆ ಹೊರಹಾಕಿ, “ಅಕ್ಕಿ ಮಾರಾಟಕ್ಕೇನ್ರೀ?” ಎಂದು ಕೇಳಿದರು. ಉತ್ತರಿಸೋಣವೆಂದು ತಿರುಗಿದಾಗ ಪಕ್ಕದಲ್ಲಿ ಅತ್ತೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಅನಂತರ ಹದಿನೈದನ್ನು ಹನ್ನೆರಡಕ್ಕೆ ಇಳಿಸಿದೆ.

ಯಲ್ಲಾಪುರದಲ್ಲಿ ದೊಡ್ಡತ್ತೆ ಜಗಲಿಯ ಕಂಬ ಹಿಡಿದು ನಿಂತಿದ್ದಳು. ಅತ್ತೆ ಯಾರ ಕೈಯನ್ನೂ ಹಿಡಿಯದೆ ಇಳಿದು, ಮೆಟ್ಟಿಲು ಹತ್ತಿ ಅವಳ ಮುಂದೆ ನಿಂತಳು. ದೊಡ್ಡತ್ತೆ ಎರಡೂ ಕೈಯಿಂದ ತಂಗಿಯ ಮುಖವನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದಳು.

“ಮುದುಕಿ ಆಗ್ಬುಟ್ಯಲೇ ಗಂಗೆ.”

“ಮತ್ತೆ ನೀನೆಂತ ಕೂಸನೇ?”

ಇಬ್ಬರೂ ಅಲ್ಲೇ ಕೂತರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ, ಧೂಳು ಇತ್ತು. ಬೆನ್ನು ಹೇಗಿದೆ, ದಾರಿಯಲ್ಲಿ ತ್ರಾಸಾಯಿತೇ ಎಂದು ದೊಡ್ಡತ್ತೆ ಕೇಳಿದಾಗ ನಾನು ಕಿವಿ ನಿಮಿರಿಸಿದೆ.

“ಎಂತದೂ ಆಜಿಲ್ಲೆ,” ಎಂದಳು ಅತ್ತೆ. “ಅಕ್ಕಿ ಚೀಲ ಇದ್ದಿತ್ತಲಾ.”

ಎಂಟು ದಿನ ಬಿಟ್ಟು ಕರೆತರಲು ಹೋದೆ. ಅಕ್ಕಿ ದೊಡ್ಡತ್ತೆಯ ಉಗ್ರಾಣ ಸೇರಿತ್ತು. ಇನ್ನಾದರೂ ಮೋಟಾರು ಮೋಟಾರಿನಂತೆ ಕಾಣಬಹುದೆಂದು ಆಶಿಸಿದ್ದೆ. ಆದರೆ ಕೊಟ್ಟು ಕಳಿಸಿದ ಪಾತ್ರೆಯನ್ನು ಖಾಲಿ ಮರಳಿಸುವ ರೂಢಿ ನಮ್ಮಲ್ಲಿಲ್ಲ, ಮತ್ತು ದೊಡ್ಡತ್ತೆಯ ಮಂಜುಗಣ್ಣಿಗೆ ನನ್ನ ಓಟದ ಮೋಟಾರು ಒಂದು ಕೆಂಪು ಪಾತ್ರೆಯಾಗಿಯೇ ಕಂಡಿರಬೇಕು. ನಾನು ಎರಡೂ ಕೈ ಅಡ್ಡ ಹಿಡಿದು “ಸಾಕು” ಎಂದೆ. ಹಿಂಬದಿಯಲ್ಲಿ ಸೌತೆಯ ಜಾತಿಯ ನಲವತ್ತೊಂದು ದಪ್ಪ ಮೊಗೆಕಾಯಿ ಹೇರಿದರು. ಯಲ್ಲಾಪುರದಿಂದ ಶಿರಸಿಗೆ ಮೂರು ತಾಸು ಹಿಡಿಯಿತು. ಒಂದೂ ಒಡೆದಿರಲಿಲ್ಲ.