ಮರ ಬೇಯಿಸುವ ಮಾವ

ಮರ ಕಂಡರೆ ನಿಮಗೆ ಏನನ್ನಿಸುತ್ತದೆ? ನೆರಳು, ಹಣ್ಣು, ಹಕ್ಕಿಗೂಡು ನೆನಪಾಗಬಹುದು. ಸ್ವಲ್ಪ ಲೌಕಿಕರಾದರೆ ಬಾಗಿಲು, ಕಿಟಕಿ ನೆನಪಾಗಬಹುದು. ನನ್ನ ಸೋದರಮಾವನಿಗೆ ಮಾತ್ರ 'ಇದು ಬೇಯಲು ಎಷ್ಟು ಹೊತ್ತು ಬೇಕು' ಎನ್ನಿಸುತ್ತದೆ! ನಮ್ಮ ಊರು ವರ್ಕಾಡಿಯಲ್ಲೆಲ್ಲ ಮರ ಬೇಯಿಸುವ ಮನುಷ್ಯ ಇವರೊಬ್ಬರೇ. ಹೆದರಬೇಡಿ, ತಿನ್ನಲಿಕ್ಕಲ್ಲ. ಕಾಗದ ಮಾಡಲಿಕ್ಕೆ.

ಮಾವ ಮೂವತ್ತು ವರ್ಷ ಘಟ್ಟದ ಮೇಲಿನ ಒಂದು ಕಾಗದದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದವರು. ಮರದ ಚಕ್ಕೆ ಬೇಯಿಸುವುದು, ತಿರುಳು ತೊಳೆಯುವುದು, ಹಾಳೆ ಎಳೆದು ಎಷ್ಟು ಗಟ್ಟಿ ಎಂದು ನೋಡುವುದು, ಎಲ್ಲವೂ ಇವರದ್ದೇ ಕೈಕೆಲಸ. ಇವರು ಕಂಡುಹಿಡಿದದ್ದು ಸಂಶೋಧನಾ ವರದಿಯಾಗಿ ಅಚ್ಚಾಗುವಾಗ ಮೇಲೆ ಇರುತ್ತಿದ್ದದ್ದು ಮಾತ್ರ ಸಾಹೇಬರ ಹೆಸರು. ಕೆಳಗೆ, ಕೊನೆಯ ಸಾಲಿನಲ್ಲಿ, 'ಪ್ರಯೋಗಾಲಯದ ಸಿಬ್ಬಂದಿಗೆ ಕೃತಜ್ಞತೆಗಳು' ಎಂದು ಇರುತ್ತಿತ್ತು. ಆ ಸಿಬ್ಬಂದಿ ಎಂದರೆ ಮಾವ.

"ಪಾಯಸ ಮಾಡಿದವನಿಗೆ ಹೊಗೆ, ಬಡಿಸಿದವನಿಗೆ ಹೊಗಳಿಕೆ. ಸಾಯುವ ಮೊದಲು ಒಂದು ಸಲ ನನ್ನ ಹೆಸರು ಅಚ್ಚಲ್ಲಿ ನೋಡ್ಬೇಕು ಮಾರಾಯ್ತಿ. ಅದೊಂದೇ ಆಸೆ ಇರುವುದು" ಎಂದು ನನ್ನ ಹತ್ತಿರ ಹೇಳಿದ್ದರು.

ನಿವೃತ್ತರಾದವರು ಕಾಶಿಗೆ ಹೋಗುತ್ತಾರೆ. ಮಾವ ಮನೆಯ ಹಿಂದಿನ ಖಾಲಿ ಹಟ್ಟಿಗೆ ಹೋದರು! ದನ ಕಟ್ಟುತ್ತಿದ್ದ ಜಾಗದಲ್ಲಿ ತಕ್ಕಡಿ, ಥರ್ಮಾಮೀಟರು, ಹೊಸಂಗಡಿಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಬಿಗಿ ಮುಚ್ಚಳದ ಉಕ್ಕಿನ ಡಬ್ಬ, ಮರದ ಚೌಕಟ್ಟಿಗೆ ಬಿಗಿದು ಕಟ್ಟಿದ ಸೊಳ್ಳೆಪರದೆ ಬಂದು ಕೂತವು. ಅತ್ತೆ ಮೊದಲ ದಿನವೇ ಒಮ್ಮೆ ಇಣುಕಿ ನೋಡಿ, "ದನ ಇದ್ದಿದ್ದರೆ ಸೆಗಣಿಯಾದರೂ ಸಿಕ್ತಿತ್ತು" ಎಂದು ಒಳಗೆ ಹೋದರು.

ಮಾವನಿಗೆ ಕಾಗದ ಕೈಗೆ ಸಿಕ್ಕರೆ ಓದುವ ಅಭ್ಯಾಸವಿಲ್ಲ. ಮೊದಲು ಬೆಳಕಿಗೆ ಹಿಡಿಯುತ್ತಾರೆ, ಆಮೇಲೆ ಹರಿಯುತ್ತಾರೆ, ಕೊನೆಗೆ ಅಗಿಯುತ್ತಾರೆ. ಬಾಯಾರಿನ ನೆಂಟರೊಬ್ಬರು ಮಗಳ ಮದುವೆಗೆ ಕರೆಯಲು ಬಂದಾಗ ಆದದ್ದೂ ಅದೇ. ಅವರು ವಿನಯದಿಂದ ಕರೆಯೋಲೆ ಕೊಟ್ಟರು. ಮಾವ ಅದರ ಮೂಲೆ ಹರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, "ಬಿದಿರು ಸ್ವಲ್ಪ ಹೆಚ್ಚಾಯ್ತು" ಎಂದರು.

ನೆಂಟರು ಗಾಬರಿಯಾಗಿ, "ಇಲ್ಲ ಭಾವ, ಊಟಕ್ಕೆ ಬಿದಿರಿನ ಕಳಲೆ ಇಲ್ಲ, ಸುವರ್ಣಗಡ್ಡೆ ಮಾಡಿಸುವುದು" ಎಂದರು.

ಅವರು ಹೋದ ಮೇಲೆ ಅತ್ತೆ ಕನ್ನಡಕ ಹಾಕಿ ಕರೆಯೋಲೆ ನೋಡಿದರು. "ಮುಹೂರ್ತ ಎಷ್ಟು ಗಂಟೆಗೆ ಅಂತ ಇದ್ದದ್ದು ಆ ಮೂಲೆಯಲ್ಲೇ. ಇನ್ನು ನಿಮ್ಮ ಹೊಟ್ಟೆಯನ್ನೇ ಕೇಳ್ಬೇಕು" ಎಂದರು. ಮದುವೆಗೆ ಹೋಗುವಾಗ ಧಾರೆ ಮುಗಿದಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಸಂಶೋಧನೆಗೆ ಬರೋಣ. ನಮ್ಮ ಗುಡ್ಡಗಳಲ್ಲಿ ಯಾರಿಗೂ ಬೇಡದೆ ಬೆಳೆದಿರುವ ಅಕೇಶಿಯ ಮರ ಮಾವನ ಕಣ್ಣಿಗೆ ಚಿನ್ನ. ಹೊಸಂಗಡಿಯ ಮರದ ಮಿಲ್ಲಿನಿಂದ ಅದರ ತುಂಡುಗಳನ್ನು ಗೋಣಿಯಲ್ಲಿ ತುಂಬಿ ಬಸ್ಸಿನಲ್ಲೇ ತರುತ್ತಿದ್ದರು. ಮಿಲ್ಲಿನ ಸಾಹುಕಾರರು ಪಾಪದವರು. "ಭಟ್ರೇ, ನಿಮಗೆ ಕಟ್ಟಿಗೆ ಬೇಕಾದರೆ ಒಳ್ಳೆಯದು ಕೊಡ್ತೇನೆ. ಇದು ಸರಿ ಉರಿಯುವುದಿಲ್ಲ" ಎಂದರಂತೆ. "ಉರಿಸಲಿಕ್ಕಲ್ಲ, ಬೇಯಿಸಲಿಕ್ಕೆ" ಎಂದು ಮಾವ ಹೇಳಿದ ಮೇಲೆ ಅವರು ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಮರದಲ್ಲಿ ನಾರುಗಳಿರುತ್ತವೆ. ಆ ನಾರುಗಳನ್ನು ಒಂದು ಅಂಟು ಬಿಗಿಯಾಗಿ ಹಿಡಿದಿರುತ್ತದೆ. ಚಕ್ಕೆಗಳನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ಬೇಯಿಸಿದರೆ ಅಂಟು ಕರಗಿ ನಾರು ಬಿಡುತ್ತದೆ, ಅದೇ ಕಾಗದದ ತಿರುಳು. ಕೇಳುವುದಕ್ಕೆ ಸುಲಭ ಅಲ್ಲವೇ? ಕಡಿಮೆ ಸೋಡಾ, ಕಡಿಮೆ ಉರಿ, ಆದರೂ ಗಟ್ಟಿ ಕಾಗದ ಎಂಬುದು ಮಾವನ ಹಟ. ಅಕೇಶಿಯದ ಹಟ ಅದಕ್ಕಿಂತ ಮೇಲೆ! ಪ್ರತಿ ಸಲವೂ ಚಕ್ಕೆಯ ಹೊರಗೆ ಗಂಜಿ, ಒಳಗೆ ಕಟ್ಟಿಗೆ. ಒಳಗೂ ಬೇಯಲೆಂದು ಸೋಡಾ ಹೆಚ್ಚು ಹಾಕಿದರೆ ನಾರೇ ಸತ್ತುಹೋಗಿ ಕಾಗದ ಹಪ್ಪಳದ ಹಾಗೆ ಮುರಿಯುತ್ತಿತ್ತು. ಹೀಗೆ ಎರಡು ಮಳೆಗಾಲ ಕಳೆದವು.

ವಾಸನೆಯ ವಿಷಯ ನಾನು ಹೇಳುವುದಿಲ್ಲ. ಯಾರೋ ದೂರು ಕೊಟ್ಟರೆಂದು ವಾರ್ಡ್ ಮೆಂಬರ್ ಮೂಗಿಗೆ ಕರವಸ್ತ್ರ ಹಿಡಿದು ಬಂದರು. ಮಾವ ಅವರನ್ನು ಹಟ್ಟಿಯಲ್ಲಿ ಕೂರಿಸಿ ಮರದ ಅಂಟಿನ ಗುಣಾವಗುಣಗಳನ್ನು ಒಂದು ಗಂಟೆ ವಿವರಿಸಿದರು. ಇನ್ನೊಮ್ಮೆ ಅಲ್ಲಿಗೆ ಬರಬೇಕಾಗಬಾರದೆಂದು ಆ ದೂರನ್ನು ಹಿಂದೆ ತೆಗೆಸಲು ಓಡಾಡಿದವರು ಆ ಮೆಂಬರೇ!

ಕೊನೆಗೆ ಒಂದು ಬೆಳಿಗ್ಗೆ ಮಾವ ಸೋತು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು. ಕೈಯಲ್ಲಿ ಅರ್ಧ ಬೆಂದ ಚಕ್ಕೆ. ಸಾಹೇಬರ ಹೆಸರು ಯಾಕೆ ಮೇಲಿರುತ್ತಿತ್ತೆಂದು ಈಗ ಗೊತ್ತಾಯಿತು, ತನಗೆ ಅಷ್ಟು ತಲೆ ಇಲ್ಲ, ಹಟ್ಟಿ ಖಾಲಿ ಮಾಡುತ್ತೇನೆ ಎಂದರು. ಅವರನ್ನು ಹಾಗೆ ನೋಡಿ ನನಗೆ ನಗು ಬರಲಿಲ್ಲ.

ಅತ್ತೆ ಆ ಚಕ್ಕೆಯನ್ನು ಕೈಗೆ ತೆಗೆದುಕೊಂಡು ಉಗುರಿನಿಂದ ಒತ್ತಿ ನೋಡಿದರು. "ನೀವು ಇದನ್ನು ನೆನೆಸುವುದಿಲ್ವಾ?"

"ಎಂತಕ್ಕೆ? ಸೋಡಾ ನೀರಲ್ಲೇ ಬೇಯುವುದಲ್ವಾ?"

"ಕುಚ್ಚಲಕ್ಕಿಯನ್ನು ನೆನೆಸದೆ ಜೋರು ಉರಿ ಕೊಟ್ಟರೆ ಹೀಗೇ ಆಗುವುದು. ಮೊದಲು ಬಿಸಿ ನೀರಿನ ಹಬೆ ಕೊಡಿ, ಒಳಗಿನ ಗಾಳಿ ಹೋಗಲಿ. ಮತ್ತೆ ನಿಮ್ಮ ಸೋಡಾ ನೀರು ಕುಡಿಯಲು ಬಿಡಿ. ಒಂದು ಕುದಿ ಬಂದ ಮೇಲೆ ಪೆಟ್ಟಿಗೆಯಲ್ಲಿಡಿ. ಅದರಷ್ಟಕ್ಕೆ ಬೇಯ್ತದೆ. ಇಷ್ಟೆಲ್ಲ ಓದಿದ್ದೀರಿ, ಅನ್ನ ಮಾಡಲಿಕ್ಕೆ ಮಾತ್ರ ಬರುವುದಿಲ್ಲ."

ಪೆಟ್ಟಿಗೆ ಎಂದರೆ ನಮ್ಮ ಕಡೆಯ ಮನೆಗಳಲ್ಲಿ ಇರುವ ಥರ್ಮೊಕೋಲಿನ ಅನ್ನದ ಪೆಟ್ಟಿಗೆ. ಕುದಿ ಬಂದ ಕುಚ್ಚಲಕ್ಕಿಯ ಪಾತ್ರೆಯನ್ನು ಅದರೊಳಗಿಟ್ಟು ಮುಚ್ಚಿದರೆ ಗ್ಯಾಸೂ ಬೇಡ, ಕಾವಲೂ ಬೇಡ, ಊಟದ ಹೊತ್ತಿಗೆ ಅನ್ನ ತಯಾರು. ಮಾವ ಎದ್ದು ಹಟ್ಟಿಗೆ ಹೋದರು. ಮತ್ತೆ ಮೂರು ದಿನ ಅವರು ಊಟಕ್ಕೆ ಬಿಟ್ಟರೆ ಹೊರಗೆ ಕಾಣಲಿಲ್ಲ.

ನಾಲ್ಕನೆಯ ದಿನ ಬಾಯಾರಿನ ನೆಂಟರು ಮಗಳು ಅಳಿಯನೊಂದಿಗೆ ಔತಣಕ್ಕೆ ಬಂದಿದ್ದರು. ಎಲೆ ಹಾಕಿ, ಪಲ್ಯ ಬಡಿಸಿ ಆಗಿತ್ತು. ಅತ್ತೆ ಅನ್ನಕ್ಕೆಂದು ಪೆಟ್ಟಿಗೆ ತೆರೆದರೆ ಒಳಗೆ ಉಕ್ಕಿನ ಡಬ್ಬ! ಅನ್ನದ ಪಾತ್ರೆ ಹಿತ್ತಿಲ ಜಗಲಿಯಲ್ಲಿ ತಣ್ಣಗಾಗಿ, ಅರ್ಧ ಬೆಂದು ಕೂತಿತ್ತು. ಅಷ್ಟರಲ್ಲಿ ಮಾವ ರಬ್ಬರ್ ಕೈಗವಸು ಹಾಕಿಕೊಂಡು ಓಡಿಬಂದು ಡಬ್ಬವನ್ನು ಎತ್ತಿಕೊಂಡು ಹಟ್ಟಿಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ, ತೊಳೆದ ಕಂದು ತಿರುಳಿನ ಮುದ್ದೆಯನ್ನು ಅಂಗೈಯಲ್ಲಿಟ್ಟುಕೊಂಡು ಪಂಕ್ತಿಯ ನಡುವೆ ನಿಂತರು. "ಒಂದು ಗಂಟೂ ಇಲ್ಲ. ಸೋಡಾ ಮೊದಲಿನ ಅರ್ಧ. ಮುಟ್ಟಿ ನೋಡಿ" ಎಂದು ಹೊಸ ಅಳಿಯನ ಮುಂದೆ ಹಿಡಿದರು.

ಅಳಿಯ ಅದನ್ನು ಚಟ್ನಿಯೆಂದು ತಿಳಿದು ಎಲೆಯಲ್ಲಿ ಜಾಗ ಮಾಡಿಕೊಟ್ಟ. ಅಂದು ಎಲ್ಲರೂ ಮೊಸರವಲಕ್ಕಿ ತಿಂದು ಎದ್ದರು. ಪೆಟ್ಟಿಗೆ ಹಟ್ಟಿಗೇ ಸೇರಿತು, ಅತ್ತೆಗೆ ಹೊಸದೊಂದು ಬಂತು.

ಆ ತಿರುಳನ್ನು ಮಾವ ಸೊಳ್ಳೆಪರದೆಯಲ್ಲಿ ಎತ್ತಿ, ಕಡೆಯುವ ಕಲ್ಲಿನಡಿ ಒತ್ತಿ, ಕಿಟಕಿಯ ಗಾಜಿಗೆ ಅಂಟಿಸಿ ಒಣಗಿಸಿದರು. ಹಾಳೆ ಬಂತು ನೋಡಿ! ಬೆಲ್ಲದ ಬಣ್ಣ, ಮಡಚಿದರೆ ಮುರಿಯುವುದಿಲ್ಲ, ಎಳೆದರೆ ಹರಿಯುವುದಿಲ್ಲ. ಹೊಸಂಗಡಿಯ ಪ್ರೆಸ್ಸಿನವರು ಮೊದಲು "ಇದು ನನ್ನ ಮೆಷೀನು ಹಾಳು ಮಾಡ್ತದೆ" ಎಂದು ಮುಖ ತಿರುಗಿಸಿದವರು, ಒಂದು ಹಾಳೆ ಅಚ್ಚು ಹಾಕಿ ನೋಡಿ, "ಇದು ಎಲ್ಲಿ ಸಿಗ್ತದೆ?" ಎಂದು ಕೇಳಿದರು. "ನಮ್ಮ ಹಟ್ಟಿಯಲ್ಲಿ ಉಂಟು" ಎಂದ ಮಾವನ ಎದೆ ಅಂದು ಅಂಗಿಯೊಳಗೆ ಹಿಡಿಸುತ್ತಿರಲಿಲ್ಲ.

ಮಾವ ತಮ್ಮ ಅಳತೆ, ತೂಕಗಳನ್ನೆಲ್ಲ ಬರೆದು ಕಾಗದ ತಜ್ಞರ ಒಂದು ಸಮ್ಮೇಳನಕ್ಕೆ ಕಳಿಸಿದರು. ಟೈಪು ಮಾಡಿದ್ದು ನಾನೇ. ಹೆಸರಿನ ಜಾಗವನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ, ಅದನ್ನು ಅವರೇ ಒಂದೊಂದೇ ಅಕ್ಷರ ಒತ್ತಿ ತುಂಬಿದರು. ಮೂವತ್ತು ವರ್ಷ ಕಾದವರು, ಆ ಸುಖವಾದರೂ ಅವರದ್ದೇ ಇರಲಿ ಎಂದು ನಾನು ಎದ್ದು ಆಚೆ ಹೋದೆ. ಪ್ರಬಂಧ ಒಪ್ಪಿಗೆಯಾಯಿತು. ಮಾವ ಹೋಗಿ ಓದಿಯೂ ಬಂದರು. ಓದಿ ಮುಗಿಸಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತಂತೆ, ಮುಂದಿನ ಸಾಲಿನಲ್ಲಿ ಹಳೆಯ ಸಾಹೇಬರೊಬ್ಬರೂ ಇದ್ದರಂತೆ!

ಕೆಲವು ದಿನ ಬಿಟ್ಟು ಸಮ್ಮೇಳನದ ಪುಸ್ತಕ ಅಂಚೆಯಲ್ಲಿ ಬಂತು. ನಾನು ಪುಟ ಹುಡುಕಿ ತೆರೆದೆ. ಶೀರ್ಷಿಕೆಯ ಕೆಳಗೆ ಮೊದಲು ಇದ್ದದ್ದು ಮಾವನ ಹೆಸರಲ್ಲ, ಅತ್ತೆಯ ಹೆಸರು. ಮಾವನದ್ದು ಎರಡನೆಯದು.

ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ಅತ್ತೆ ಇಂಗ್ಲಿಷ್ ಅಕ್ಷರಗಳನ್ನು ಮೆಲ್ಲಗೆ ಕೂಡಿಸಿ ಓದಿದರು. ಇನ್ನೊಮ್ಮೆ ಓದಿದರು. "ಇದು ನಾನಾ? ಎಂತ ಮಾಡಿದ್ದು ನೀವು? ಹೆಸರು ಬರ್ಬೇಕು ಅಂತ ಇದ್ದದ್ದು ನಿಮಗಲ್ವಾ?"

ಮಾವ ಕಿಟಕಿಯ ಕಡೆ ನೋಡುತ್ತ ಹೇಳಿದರು. "ಉಪಾಯ ನಿನ್ನದು. ಮೇಲೆ ನನ್ನ ಹೆಸರು ಹಾಕಿದರೆ ಆ ಸಾಹೇಬರಿಗೂ ನನಗೂ ಎಂತ ವ್ಯತ್ಯಾಸ?"

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು, ಎರಡನೆಯ ಹೆಸರಿನ ಮೇಲೆ ಬೆರಳಿಟ್ಟು, ಅದನ್ನೂ ಮೆಲ್ಲಗೆ ಕೂಡಿಸಿ ಓದಿದರು.