ಜೋಡಿ ಕಾರ್ಡು

ದಾಮೋದರ ಐತಾಳರ ಆ ಶನಿವಾರದ ಫಜೀತಿಗೆಲ್ಲ ಮೂಲ, ಪೋಪಟ್‌ಭಾಯಿ ಇಡ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಬಿಚ್ಚಿದ ಒಂದು ಕಾಗದದ ಪೊಟ್ಟಣ.

ಸೂರತ್ತಿನ ವರಾಛಾದಲ್ಲಿ, ವಜ್ರ ಉಜ್ಜುವ ಕಾರ್ಖಾನೆಗಳ ನಡುವಿನ ಗಲ್ಲಿಯೊಂದರಲ್ಲಿ ಐತಾಳರ ಉಡುಪಿ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ಪೋಪಟ್‌ಭಾಯಿ ವಜ್ರದ ದಲಾಲರು. ಹದಿನೈದು ವರ್ಷಗಳಿಂದ ಬೆಳಿಗ್ಗೆ ಒಂಬತ್ತಕ್ಕೆ ಅದೇ ಮೇಜು, ಅದೇ ಎರಡು ಇಡ್ಲಿ, ಜೊತೆಗೆ ಪುಕ್ಕಟೆ ಸಲಹೆ. ಇಡ್ಲಿ ಎಂದೂ ಎರಡರ ಮೇಲೆ ಹೋಗಿದ್ದಿಲ್ಲ, ಸಲಹೆಗೆ ಮಾತ್ರ ಮಿತಿಯಿರಲಿಲ್ಲ. ಅವರು ಮಾತಾಡುತ್ತಿದ್ದುದು ಗುಜರಾತಿಯಲ್ಲಿ. ನಮ್ಮ ಅನುಕೂಲಕ್ಕೆ ಕನ್ನಡದಲ್ಲೇ ಕೇಳೋಣ.

“ನೋಡಿ ದಾಮುಭಾಯಿ, ಈ ಎರಡು ಕಲ್ಲು. ಬಿಡಿಬಿಡಿಯಾಗಿ ಮಾರಿದ್ರೆ ಯಾರೂ ತಿರುಗಿ ನೋಡಲ್ಲ. ಜೋಡಿ ಮಾಡಿ ಇಟ್ರೆ ಗಿರಾಕಿ ಓಡಿ ಬರ್ತಾನೆ. ಏನೇ ತಗೊಳ್ಳಿ, ಜೋಡಿ ತಗೊಳ್ಳಿ!”

ಬೇರೆ ದಿನವಾಗಿದ್ದರೆ ಐತಾಳರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಅವತ್ತು ಅವರ ತಲೆ ಸರಿಯಿರಲಿಲ್ಲ. ಒಬ್ಬಳೇ ಮಗಳು ನಮಿತಾ ಬೆಳಿಗ್ಗೆಯ ರೈಲಿಗೆ ವಡೋದರಾಕ್ಕೆ ಹೋಗಿದ್ದಳು. ಅಲ್ಲಿ ಕಂಪ್ಯೂಟರ್ ಆಟಗಳನ್ನು ತಯಾರಿಸುವುದನ್ನು ಕಲಿಸುವ ಕೋರ್ಸಿಗೆ ಸೀಟು ಸಿಕ್ಕಿತ್ತು. ಸೂರತ್ತಿನ ಒಂದು ಕಾಲೇಜಿನಲ್ಲೂ ಸಿಕ್ಕಿತ್ತು. ಫತೇಗಂಜ್‌ನ ಹಾಸ್ಟೆಲ್ ನೋಡಿಕೊಂಡು ಬಂದು, ಅಲ್ಲೋ ಇಲ್ಲೋ ಎಂದು ಸಂಜೆ ಹೇಳುತ್ತೇನೆ ಎಂದಿದ್ದಳು. ಮಗಳು ಹೋಗುವುದು ಐತಾಳರಿಗೆ ಬೇಡವಾಗಿತ್ತು. ಅದನ್ನು ಹೇಳಲು ಬಾರದೆ ಒಂದು ವಾರದಿಂದ “ಹಾಸ್ಟೆಲ್ಲಲ್ಲಿ ಊಟ ಸರಿ ಇರುವುದಿಲ್ಲ” ಎನ್ನುತ್ತ ತಿರುಗುತ್ತಿದ್ದರು.

ಮೇಲಿನ ಕೋಣೆಯ ಕಿಟಕಿಯ ಬಳಿ ನಮಿತಾ ಒಂದು ವರ್ಷದಿಂದ ಬಿಡಿ ಭಾಗ ತಂದು ತಂದು ಜೋಡಿಸಿದ ಆಟದ ಕಂಪ್ಯೂಟರ್ ಕೂತಿತ್ತು. ಅದಕ್ಕಿನ್ನು ಬೇಕಾದದ್ದು ಗ್ರಾಫಿಕ್ಸ್ ಕಾರ್ಡ್ ಒಂದೇ. ಆಟದ ಚಿತ್ರಗಳನ್ನೆಲ್ಲ ಬಿಡಿಸಿ ಪರದೆಗೆ ಕಳಿಸುವುದು ಅದು. ಅದಿಲ್ಲದೆ ಆ ಯಂತ್ರ ಕಾವಲಿಯಿಲ್ಲದ ದೋಸೆ ಅಂಗಡಿ. ಮೂರು ತಿಂಗಳು ಅಳೆದು ಸುರಿದು, ಯಾವುದು ಹೆಚ್ಚು ಬಿಸಿಯಾಗುತ್ತದೆ, ಯಾವುದರ ಫ್ಯಾನು ಸದ್ದು ಮಾಡುತ್ತದೆ ಎಂದೆಲ್ಲ ನೋಡಿ, ಒಂದು ಕಾರ್ಡಿನ ಹೆಸರನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ಕೆಳಗೆ ‘ಮುಂದಿನ ವರ್ಷ’ ಎಂದಿತ್ತು.

ಐತಾಳರು ಆ ಚೀಟಿ ಕಿತ್ತು ಜೇಬಿಗೆ ಹಾಕಿದರು. ಒಂದು ಕಾರ್ಡ್ ತಂದರೆ ಮಗಳು ಒಂದು ವರ್ಷ ನಿಂತಾಳು. ಜೋಡಿ ತಂದರೆ? ಕೋರ್ಸು ಮುಗಿಯುವವರೆಗೆ ಆ ಕಿಟಕಿ ಬಿಟ್ಟು ಏಳಲಿಕ್ಕಿಲ್ಲ. ಅಂಥ ಯಂತ್ರವನ್ನು ಹಾಸ್ಟೆಲಿಗೆ ಹೊತ್ತುಕೊಂಡು ಹೋಗುವುದಂತೂ ಸಾಧ್ಯವೇ ಇಲ್ಲ.

“ಕಟ್ಟಿ ಹಾಕ್ಲಿಕ್ಕೆ ಅವಳೆಂತ ದನವಾ?” ಎಂದರು ಈ ಉಪಾಯ ಕೇಳಿದ ಹೆಂಡತಿ ಕಮಲಾ, ತೆಂಗಿನಕಾಯಿ ತುರಿಯುತ್ತಲೇ. “ಹೋಗ್ಬೇಡ ಅಂತ ಬಾಯಿಬಿಟ್ಟು ಹೇಳಿದ್ರೆ ಆಗುದಿಲ್ವಾ?”

“ಛೆ, ಹಾಗೆಲ್ಲ ಹೇಳ್ಲಿಕ್ಕುಂಟಾ? ಅವಳ ಓದು, ಅವಳ ಇಷ್ಟ.”

“ಮತ್ತೆ ಇದೆಂತದು?”

“ಇದು ಉಡುಗೊರೆ!” ಎಂದು ಐತಾಳರು ಮೆಟ್ಟಿಲಿಳಿದರು.

ರಚನಾಬೆನ್‌ಳ ಕಂಪ್ಯೂಟರ್ ಅಂಗಡಿ ಎರಡು ಗಲ್ಲಿ ಆಚೆ. ಪೋಪಟ್‌ಭಾಯಿ ಕರೆಯದಿದ್ದರೂ ಜೊತೆಗೆ ಬಂದರು. ಅಂಗಡಿಯ ಗಾಜಿನ ಕಪಾಟಿನಲ್ಲಿ ಎರಡು ಫ್ಯಾನಿನವು, ಮೂರು ಫ್ಯಾನಿನವು, ಕರಿಯವು, ಬಿಳಿಯವು, ಬಣ್ಣಬಣ್ಣದ ದೀಪ ಹತ್ತುವವು ಸಾಲಾಗಿ ನಿಂತಿದ್ದವು. ಐತಾಳರು ಚೀಟಿ ತೋರಿಸಿ, ಅದೇ ಹೆಸರಿನ ಡಬ್ಬಿಗಳನ್ನು ತರಿಸಿ, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ತೆಂಗಿನಕಾಯಿ ಆರಿಸಿ ಬಂದ ಅಭ್ಯಾಸ.

“ಎರಡು ಕೊಡಿ” ಎಂದರು.

ರಚನಾಬೆನ್ ಹುಬ್ಬೇರಿಸಿದಳು. “ಎರಡ್ಯಾಕೆ ಅಂಕಲ್? ಈಗಿನ ಆಟಗಳಲ್ಲಿ…”

“ಬೆನ್,” ಪೋಪಟ್‌ಭಾಯಿ ನಡುವೆ ಬಾಯಿ ಹಾಕಿದರು, “ಗಿರಾಕಿ ಎರಡು ಕೇಳಿದ್ರೆ ಒಂದು ಸಾಕು ಅನ್ನೋ ಅಂಗಡಿಯವರನ್ನ ಈ ವಯಸ್ಸಿಗೆ ಇವತ್ತೇ ನೋಡ್ತಿರೋದು. ಜೋಡಿ ಕೊಡಿ. ಜಾಂಗಡ್ ಮೇಲೆ ಕೊಡಿ, ಜವಾಬ್ದಾರಿ ನನ್ನದು.”

ಜಾಂಗಡ್ ಎಂದರೆ ವಜ್ರದ ಪೇಟೆಯ ಪದ್ಧತಿ. ಮಾಲನ್ನು ನಂಬಿಕೆಯ ಮೇಲೆ ಒಯ್ದು ತೋರಿಸಬಹುದು. ಒಪ್ಪಿಗೆಯಾದರೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಹೇಗಿತ್ತೋ ಹಾಗೇ ಸಂಜೆಯೊಳಗೆ ಹಿಂದಿರುಗಿಸಬೇಕು. ಕಂಪ್ಯೂಟರ್ ಅಂಗಡಿಯಲ್ಲಿ ಅದು ನಡೆಯುವುದಿಲ್ಲ. ಆದರೆ ರಚನಾಬೆನ್‌ಳ ಅರ್ಧ ವ್ಯಾಪಾರ ವಜ್ರದವರ ಜೊತೆಗೇ. ಅವಳು ಚೀಟಿ ಬರೆದಳು. “ಸಂಜೆ ಆರರೊಳಗೆ ಅಂಕಲ್. ಸೀಲ್ ಮಾತ್ರ ಒಡೀಬಾರದು. ಮಗಳು ಬಂದ ಮೇಲೆ ಅವಳನ್ನ ಕೇಳಿಯೇ ತೆಗೀರಿ.”

“ಖಂಡಿತ” ಎಂದು ಐತಾಳರು ಎರಡು ಡಬ್ಬಿಗಳನ್ನು ಅವಳಿ ಮಕ್ಕಳಂತೆ ಎದೆಗವಚಿಕೊಂಡು ಬಂದರು.

ಸೀಲ್ ಒಡೆಯಬಾರದು ಎಂದು ಅವರು ನಿಜವಾಗಿಯೂ ನಿರ್ಧರಿಸಿದ್ದರು. ಆದರೆ ಡಬ್ಬಿಗಳನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು, ಎರಡು ಮಸಾಲೆ ದೋಸೆಗೆ ಹೇಳಿ ಬರುವಷ್ಟರಲ್ಲಿ ಜೀವರಾಜ್‌ಭಾಯಿ ಬಂದು ಕೂತಿದ್ದರು. ಕತಾರ್‌ಗಾಮ್‌ನ ಕಾರ್ಖಾನೆಯೊಂದರಲ್ಲಿ ನಲವತ್ತು ವರ್ಷ ಕಲ್ಲು ವಿಂಗಡಿಸಿದ ಮನುಷ್ಯ. ಊಟದ ತಟ್ಟೆಯನ್ನೂ ಭೂತಗನ್ನಡಿ ಹಿಡಿದು ನೋಡದೆ ಮುಟ್ಟುವವರಲ್ಲ.

“ಇದು ಜೋಡಿ ಅಂತ ಯಾರು ಹೇಳಿದ್ರು?” ಎಂದರು ಜೀವರಾಜ್‌ಭಾಯಿ.

“ಹೆಸರು ಒಂದೇ, ಅಳತೆ ಒಂದೇ.”

“ಪೊಟ್ಟಣ ನೋಡಿ ಮಾಲು ಕೊಳ್ತಾರಾ ದಾಮುಭಾಯಿ? ಇಡೀ ವರಾಛಾ ನಗುತ್ತೆ.”

“ಸೀಲ್ ಒಡೀಬೇಡಿ ಮಾರಾಯ್ರೇ…” ಎನ್ನುವಷ್ಟರಲ್ಲಿ ಜೀವರಾಜ್‌ಭಾಯಿಯ ಸಣ್ಣ ಚಿಮಟ ಎರಡೂ ಸೀಲುಗಳನ್ನು ಎಬ್ಬಿಸಿ ಆಗಿತ್ತು. ಕೆಲಸವೇನೋ ಬಹಳ ನಾಜೂಕು. ಕಾರ್ಡುಗಳು ಬಾಳೆಲೆಯ ಮೇಲೆ ಮಲಗಿದವು. ಸುತ್ತ ಆರೇಳು ಜನ ತಲೆ ತೂರಿಸಿದರು. ಜೀವರಾಜ್‌ಭಾಯಿ ಒಂದು ಕಣ್ಣು ಮುಚ್ಚಿ, ಫ್ಯಾನಿನ ಒಂದೊಂದೇ ರೆಕ್ಕೆ ಪರೀಕ್ಷಿಸಿದರು. ಇಡೀ ಹೋಟೆಲಿನಲ್ಲಿ ಚಮಚದ ಸದ್ದೂ ನಿಂತಿತು.

“ಎಡಗಡೆಯದರ ಮೂರನೇ ರೆಕ್ಕೆಯಲ್ಲಿ ಕೂದಲೆಳೆಯಷ್ಟು ಗೀರು ಇದೆ,” ಎಂದು ತೀರ್ಪು ಬಂತು. “ಉಳಿದಂತೆ ಒಳ್ಳೇ ಜೋಡಿ.”

ಎಲ್ಲರೂ ನಿಟ್ಟುಸಿರು ಬಿಟ್ಟರು. ಯಾರದೋ ಬೆರಳಿನಿಂದ ಸಾಂಬಾರಿನ ಹನಿಯೊಂದು ಖಾಲಿ ಡಬ್ಬಿಯ ಮೇಲೆ ಬಿತ್ತು. ಐತಾಳರು ರಚನಾಬೆನ್‌ಳಿಗೆ ಫೋನು ಮಾಡಿದರು.

“ಸೀಲ್ ಒಡೆದ್ರಾ? ಹಾಗಾದ್ರೆ ಅಭಿನಂದನೆ ಅಂಕಲ್,” ಎಂದಳು ಅವಳು. “ಎರಡೂ ನಿಮ್ಮವೇ.”

ಹೋಗಲಿ, ಮಗಳು ಉಳಿದರೆ ಸಾಕು ಎಂದು ಐತಾಳರು ಸಮಾಧಾನ ಮಾಡಿಕೊಂಡರು. ನಮಿತಾ ಬರುವಷ್ಟರಲ್ಲಿ ಎರಡನ್ನೂ ಕೂರಿಸಿ, ದೀಪ ಹತ್ತಿಸಿ, ಬಾಗಿಲು ತೆರೆದ ಕೂಡಲೇ ಕಣ್ಣು ಕುಕ್ಕುವಂತೆ ಮಾಡಬೇಕು. ಅದಕ್ಕೆ ಸಿಕ್ಕವರು ಬಸವರಾಜ. ಧಾರವಾಡದ ಕಡೆಯವರು, ಸೂರತ್ತಿನ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಇಂಜಿನಿಯರು, ಶನಿವಾರದ ಸಂಜೆಯ ಗಿರಾಕಿ.

“ಎರಡ ತಂದದ್ದು ಭಾಳ ಚಲೋ ಆತ್ರಿ ಐತಾಳ್ರ,” ಎಂದು ಬಸವರಾಜ ತೋಳು ಮಡಿಸಿದರು. “ನಮ್ಮ ಆಫೀಸಿನ್ಯಾಗ ಪಂಪ್ ಎರಡು, ಜನರೇಟರ್ ಎರಡು. ಒಂದು ಕೆಟ್ರ ಇನ್ನೊಂದು.”

“ಎರಡೂ ಕೆಟ್ರೆ?”

“ಆವಾಗ ಟೆಂಡರ್ರಿ.”

ಕಾರ್ಡುಗಳು ಮೇಲಿನ ಕೋಣೆಯ ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಸುಲಭಕ್ಕೆ ಕೂರಲಿಲ್ಲ. ಮೊದಲನೆಯದು ದಪ್ಪ, ಎರಡನೆಯದೂ ಅಷ್ಟೇ ದಪ್ಪ, ನಡುವೆ ದೋಸೆಯ ದಪ್ಪದಷ್ಟೂ ಜಾಗವಿಲ್ಲ. ಮದುವೆ ಮನೆಯ ಬಸ್ಸಿನಲ್ಲಿ ಇಬ್ಬರು ದೊಡ್ಡಪ್ಪಂದಿರು ಒಂದೇ ಸೀಟಿಗೆ ಕೂತ ಹಾಗೆ ಕಡೆಗೂ ಒತ್ತಿಕೊಂಡು ಕೂತವು.

“ಶೆಕಿ ಭಾಳ ಆಗತೈತ್ರಿ ಇವಕ್ಕ. ಏಸಿ ಹಚ್ರಿ,” ಎಂದರು ಬಸವರಾಜ.

ಐತಾಳರು ಏಸಿ ಹಾಕಿದರು. ಕೆಳಗೆ ಮರುದಿನದ ಹಿಟ್ಟಿಗೆ ದೊಡ್ಡ ಗ್ರೈಂಡರು ತಿರುಗುತ್ತಿತ್ತು, ಚಟ್ನಿಯ ಮಿಕ್ಸಿ ಅರಚುತ್ತಿತ್ತು. ಬಸವರಾಜ “ಜೈ” ಎಂದು ಕಂಪ್ಯೂಟರಿನ ಗುಂಡಿ ಒತ್ತಿದರು. ಆರು ಫ್ಯಾನುಗಳು ಒಟ್ಟಿಗೆ ತಿರುಗಿದವು, ಕೆಂಪು ನೀಲಿ ದೀಪಗಳು ಹೊಳೆದವು. ಐತಾಳರ ಮುಖವೂ ಹೊಳೆಯಿತು. ಮರುಕ್ಷಣ ಠಪ್ ಎಂದು ಎಲ್ಲ ಕತ್ತಲೆ.

ಗ್ರೈಂಡರು ನಿಂತಿತು. ಮಿಕ್ಸಿ ನಿಂತಿತು. ಫ್ಯಾನು ನಿಂತು ಬೆವರಿದ ಗಿರಾಕಿಗಳು ಎದ್ದು ನಿಂತರು. “ಹ್ವಾಯ್, ಅರ್ಧ ಅರೆದ ಉದ್ದನ್ನ ನಾನು ಎಂತ ಮಾಡುದು?” ಎಂದು ಕಮಲಾ ಕೆಳಗಿನಿಂದ ಕೂಗಿದರು. ಐತಾಳರು ಮೇನ್ ಸ್ವಿಚ್ ಎತ್ತಿದರೆ ಅದು ಮತ್ತೆ ಬಿತ್ತು. ಎತ್ತಿದರೆ ಬಿತ್ತು. ಮೂರನೇ ಸಲ ಎತ್ತುತ್ತಿದ್ದಾಗ ಮೆಟ್ಟಿಲ ಮೇಲೆ ಮೊಬೈಲಿನ ಬೆಳಕು ಕಾಣಿಸಿತು.

“ಪಪ್ಪಾ? ಪೂರಾ ಗಲ್ಲಿಯಲ್ಲಿ ಲೈಟ್ ಉಂಟು, ನಮ್ದು ಮಾತ್ರ ಯಾಕೆ ಇಲ್ಲ?”

ನಮಿತಾ! ಅವಳ ಬೆಳಕು ಬೆವರಿದ ಅಪ್ಪನ ಮೇಲೆ, ಬಸವರಾಜರ ಕೈಯ ಸ್ಕ್ರೂಡ್ರೈವರಿನ ಮೇಲೆ ಹಾದು, ಕಡೆಗೆ ಪೆಟ್ಟಿಗೆಯ ಮೇಲೆ ನಿಂತಿತು.

“ಪಪ್ಪಾ… ದೋ ಕಾರ್ಡ್?”

“ಜೋಡಿ,” ಎಂದರು ಐತಾಳರು ಹೆಮ್ಮೆಯಿಂದ. “ನಿನ್ನ ಚೀಟಿಯದ್ದೇ.”

ನಮಿತಾ ಮೊದಲು ಏಸಿ ಆರಿಸಿದಳು, ಕಂಪ್ಯೂಟರಿನ ಪ್ಲಗ್ ಕಿತ್ತಳು, ಆಮೇಲೆ ಸ್ವಿಚ್ ಎತ್ತಿದಳು. ಕೆಳಗೆ ಗ್ರೈಂಡರು ಗುರ್ರೆಂದಿತು. “ಪಪ್ಪಾ, ಈಗ ಎಲ್ಲಾ ಗೇಮ್ ಒಂದೇ ಕಾರ್ಡ್ ಯೂಸ್ ಮಾಡ್ತದೆ. ಸೆಕೆಂಡ್‌ವಾಲಾ ಸುಮ್ನೆ ಕೂತ್ಕೊಳ್ತದೆ, ರೂಮ್ ಗರಮ್ ಮಾಡ್ಲಿಕ್ಕೆ. ಎರಡು ಹಾಕುದೆಲ್ಲ ಓಲ್ಡ್ ಫ್ಯಾಷನ್.”

ಬಸವರಾಜರಿಗೆ ಆಗಲೇ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಐತಾಳರು ಮಂಚದ ತುದಿಯಲ್ಲಿ ಕುಸಿದು ಕೂತರು. ಮಗಳು ಪಕ್ಕದಲ್ಲಿ ಬಂದು ಕೂತು ಅವರ ಬೆವರು ಒರೆಸಿದಳು.

“ಒಂದು ಮಾತು ಹೇಳ್ಲಾ? ನಾನು ಹಾಸ್ಟೆಲ್‌ನಲ್ಲಿ ನೋ ಹೇಳಿ ಬಂದೆ. ಇಲ್ಲೇ ಸೂರತ್‌ನಲ್ಲೇ ಓದ್ತೇನೆ ಅಂತ.”

ಐತಾಳರ ಎದೆ ಉಬ್ಬಿದ ಪೂರಿಯಾಯಿತು.

“ಆ ಕೋರ್ಸ್‌ಗೆ ರೂಮ್‌ನಲ್ಲಿ ಸ್ವಂತ ಮಷೀನ್ ಬೇಕೇ ಬೇಕು. ಇದನ್ನ ತಗೊಂಡು ಹೋದ್ರೆ ಸಂಡೇ ಮನೆಗೆ ಬಂದು ಎಂತ ಮಾಡುದು? ಅಲ್ಲಿ ನನ್ನ ಸೀನಿಯರ್ ಸಂಜನಾದೀದಿ ಅವಳ ಹಳೇ ಮಷೀನ್ ಫ್ರೀ ಕೊಡ್ತೇನೆ ಅಂದ್ಳು, ಆದ್ರೆ ಅದ್ರಲ್ಲಿ ಕಾರ್ಡ್ ಇಲ್ಲ. ಒಂದಕ್ಕೇ ಒಂದು ವರ್ಷ ವೇಟ್ ಮಾಡ್ತಿದ್ದೇನೆ, ಎರಡನೇದು ಪಪ್ಪನ ಹತ್ರ ಹೇಗೆ ಕೇಳುದು ಅಂತ…” ಮಾತು ಅಲ್ಲಿಗೇ ನಿಂತಿತು. ಅವಳು ಪೆಟ್ಟಿಗೆಯೊಳಗೆ ಒತ್ತಿಕೊಂಡು ಕೂತ ಎರಡು ಕಾರ್ಡುಗಳನ್ನು ನೋಡಿದಳು. ಅಪ್ಪನನ್ನು ನೋಡಿದಳು. ಒಮ್ಮೆಲೇ ಅವರ ಕುತ್ತಿಗೆಗೆ ಜೋತುಬಿದ್ದಳು.

“ಪಪ್ಪಾ! ನಿಮ್ಗೆ ಹೇಗೆ ಗೊತ್ತಾಯ್ತು? ಅಲ್ಲಿ ಒಂದು, ಇಲ್ಲಿ ಒಂದು! ನಾನು ನೋ ಹೇಳಿದ್ರೂ ಏಳು ಗಂಟೆವರೆಗೆ ಸೀಟ್ ಹೋಲ್ಡ್ ಮಾಡಿದ್ದಾರೆ!”

ಅವಳು ಫೋನು ಹಿಡಿದು ಬಾಲ್ಕನಿಗೆ ಓಡಿದಳು. ಹಿಟ್ಟಿನ ಕೈಯಲ್ಲೇ ಮೇಲೆ ಬಂದಿದ್ದ ಕಮಲಾ ಎಲ್ಲವನ್ನೂ ಬಾಗಿಲಲ್ಲಿ ನಿಂತು ಕೇಳಿದ್ದರು. “ಈಗಾದ್ರೂ ಹೇಳ್ತೀರಾ, ಹೋಗ್ಬೇಡ ಅಂತ?” ಎಂದು ಮೆಲ್ಲಗೆ ಕೇಳಿದರು.

ನಮಿತಾ ಕುಣಿಯುತ್ತ ಒಳಗೆ ಬಂದಳು. ಐತಾಳರು ಬಾಯಿ ತೆರೆದರು. ಮಗಳ ಮುಖ ನೋಡಿದರು. ಅಷ್ಟು ಖುಷಿ ಅವಳ ಮುಖದಲ್ಲಿ ಅವರು ಕಂಡು ಬಹಳ ದಿನವಾಗಿತ್ತು.

“ಅಲ್ಲಿ… ಊಟ ಹೇಗುಂಟು?” ಎಂದರು.

“ಫಸ್ಟ್ ಕ್ಲಾಸ್, ಪಪ್ಪಾ!”

ಐತಾಳರು ಕೆಳಗಿಳಿದು ಗಲ್ಲಾದಲ್ಲಿ ಕೂತರು. ತಾವು ಕೊಡಿಸಿದ ಜೋಡಿಯ ಗತಿ ಏನಾಯಿತೆಂದು ನೋಡಲು ಪೋಪಟ್‌ಭಾಯಿ ಆಗಲೇ ಬಂದು, ತಮ್ಮ ಮಾಮೂಲು ಎರಡು ಇಡ್ಲಿಗೆ ಹೇಳಿ ಕಾಯುತ್ತಿದ್ದರು. ಐತಾಳರು ನಡೆದದ್ದನ್ನೆಲ್ಲ ಹೇಳಿ, “ನಿಮ್ಮ ಮಾತು ಕೇಳಿ ಹೀಗಾಯ್ತು ನೋಡಿ” ಎಂದರು.

“ನಾನೇನು ತಪ್ಪು ಹೇಳಿದೆ?” ಪೋಪಟ್‌ಭಾಯಿ ಕಣ್ಣರಳಿಸಿದರು. “ಜೋಡಿ ಮಾಡೋದು ಯಾತಕ್ಕೆ ದಾಮುಭಾಯಿ? ಕಿವಿಯೋಲೆಗೆ. ಒಂದು ಈ ಕಿವಿಗೆ, ಒಂದು ಆ ಕಿವಿಗೆ. ಎರಡನ್ನೂ ಒಂದೇ ಕಿವಿಗೆ ಯಾರಾದ್ರೂ ಹಾಕ್ತಾರಾ?”

ಐತಾಳರು ಅಡುಗೆಮನೆಯ ಕಡೆ ತಿರುಗಿ ಕೂಗಿದರು.

“ಪೋಪಟ್‌ಭಾಯಿಗೆ ಇವತ್ತು ಇಡ್ಲಿ ಒಂದೇ ಕೊಡಿ. ಇನ್ನೊಂದು ವಡೋದರಾಕ್ಕೆ ಹೋಗಿದೆ.”