ರುದ್ರಯ್ಯನವರ ಕೋಡಂಗಿ ಡಬ್ಬಿ

ಮಧುಗಿರಿಯ ಕೋಟೆ ಬೀದಿಯ ರುದ್ರಯ್ಯನವರದು ಸಾಮಾನ್ಯ ವಂಶವಲ್ಲ. ಅವರ ಮುತ್ತಜ್ಜ ಮರುಳಸಿದ್ದಯ್ಯ, ಚಿರತೆ ಊರಿಗೆ ಇಳಿದಾಗ ಕೊಟ್ಟಿಗೆಯ ಬಾಗಿಲಿಗೆ ತಾವೇ ಅಡ್ಡ ಮಲಗಿ, ಬರೀ ಗೊರಕೆಯಿಂದಲೇ ಅದನ್ನು ಬೆಟ್ಟ ಹತ್ತಿಸಿದವರು. ಅಜ್ಜ ಸಂಜೀವಯ್ಯ, ಬಡಗಿಯನ್ನು ಹೊಸಿಲಿಗೆ ಸೇರಿಸದೆ ಮನೆಯ ಏಳು ಬಾಗಿಲುಗಳನ್ನೂ ತಾವೇ ಮಾಡಿದವರು. (ಆ ಬಾಗಿಲುಗಳು ಮಳೆಗಾಲದಲ್ಲಿ ತೆರೆಯುವುದಿಲ್ಲ, ಬೇಸಿಗೆಯಲ್ಲಿ ಮುಚ್ಚುವುದಿಲ್ಲ. ಮಿಕ್ಕ ಕಾಲದಲ್ಲಿ ಯಾವ ತೊಂದರೆಯೂ ಇಲ್ಲ.) ತಂದೆ ರೇಣುಕಯ್ಯ ತಮ್ಮ ಮರದ ಹಾವುಗೆಗಳನ್ನು ತಾವೇ ಕಡೆದುಕೊಂಡು, ಎರಡೂ ಎಡಗಾಲಿನವೇ ಆದರೂ ಅವನ್ನೇ ಮೆಟ್ಟಿ ಶಿವಗಂಗೆಗೆ ಹೋಗಿ ಬಂದವರು.

ಇಂಥ ಮನೆತನದ ರುದ್ರಯ್ಯನವರು ಮೊಮ್ಮಗಳು ಸರ್ವಮಂಗಳೆಯ ಎಳ್ಳಿನ ಡಬ್ಬಿಯನ್ನು ಅಂಗಡಿಯಿಂದ ತರುವುದುಂಟೇ?

ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಒಂದು ಪದ್ಧತಿ ಬೆಳೆದುಬಂದಿತ್ತು. ಸಂಕ್ರಾಂತಿಯ ಹಿಂದಿನ ದಿನ ಪ್ರತಿ ಹುಡುಗಿಯೂ ಬೆಂಚಿನ ಮೇಲೆ ಒಂದೊಂದು ಡಬ್ಬಿಯನ್ನೋ ಚೀಲವನ್ನೋ ಇಡುವುದು, ಮಿಕ್ಕವರೆಲ್ಲ ಅದರೊಳಗೆ ಎಳ್ಳುಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚು ಹಾಕುವುದು. ಹೋದ ವರ್ಷ ಬಳೆಗಾರ ಇಸಾಕ್ ಸಾಬರ ಮಗಳು ಸಾಬೀರಾ, ಗೆಳತಿ ಸರ್ವಮಂಗಳೆಗೆಂದು ಹಾಕಿದ್ದ ಸಕ್ಕರೆ ಗಿಣಿಯನ್ನು ಯಾರೋ ಚೀಲದಿಂದ ಎತ್ತಿಬಿಟ್ಟಿದ್ದರು. ಸರ್ವಮಂಗಳೆ ಮೂರು ದಿನ ಅತ್ತಿದ್ದಳು. ಈ ವರ್ಷ ಮೇಡಂ ರಾಜಲಕ್ಷ್ಮಮ್ಮನವರು ಡಬ್ಬಿ ಬಯಲಾಟದ ಯಾವುದಾದರೂ ವೇಷದ ಹಾಗಿರಲಿ ಎಂದು ಅಪ್ಪಣೆ ಕೊಡಿಸಿದ್ದರು.

“ನಂಗೆ ಕೋಡಂಗಿ ಡಬ್ಬಿ ಬೇಕು ತಾತ,” ಎಂದಳು ಸರ್ವಮಂಗಳೆ. “ಸಾಬೀರಾ ಈ ಸಲಾನೂ ಗಿಣಿ ಆಕ್ತಾಳಂತೆ. ಅದು ಮನೆಗ್ ಬರ್ದೆ ಓದ್ರೆ ನಾನು ಇಸ್ಕೂಲ್ಗೇ ಓಗಲ್ಲ.”

“ಬತ್ತದೆ ಕಣಮ್ಮ. ಆ ಗಿಣಿ ಮನೆಗ್ ಬರ್ಲಿಲ್ಲ ಅಂದ್ರೆ ನಾನ್ಯಾಕೆ ಮೀಸೆ ಬುಟ್ಕಂಡಿರ್ಬೇಕು?” ಎಂದರು ರುದ್ರಯ್ಯ.

ಮಾರನೆಯ ದಿನದಿಂದಲೇ ಡಬ್ಬಿನಿರ್ಮಾಣ ಮಹಾಕಾರ್ಯ ಮೊದಲಾಯಿತು. ಅಮಲ್ದಾರರಿಗೆಂದು ಬರೆದು, ಕೋಪ ಇಳಿದ ಮೇಲೆ ಕಳಿಸದೆ ಉಳಿಸಿಕೊಂಡಿದ್ದ ಅರ್ಜಿಗಳನ್ನೆಲ್ಲ ನೀರಲ್ಲಿ ನೆನೆಹಾಕಿದರು. ಹೆಂಡತಿ ಶಿವರುದ್ರಮ್ಮನವರ ಮೆಂತ್ಯದ ಡಬ್ಬ ಬರಿದಾಯಿತು. ಎರಡನ್ನೂ ಒರಳಲ್ಲಿ ರುಬ್ಬಿ, ಹುಣಿಸೆಹಣ್ಣಿನ ಹಳೇ ಮಡಕೆಯ ಮೈಗೆ ಮೆತ್ತಿ, ಮೂಗು ಎಳೆದು, ಕಿವಿ ಅಗಲಿಸಿ, ಮಾಳಿಗೆಯ ಮೇಲೆ ಐದು ದಿನ ಒಣಗಿಸಿದರು. ಆಮೇಲೆ ಬಾಯಿ ಕೊರೆದು, ಒಳಗಿನ ಮಡಕೆಯನ್ನು ಒಡೆದು, ಚೂರುಗಳನ್ನು ಆ ಬಾಯಿಂದಲೇ ಹೊರಗೆ ತೆಗೆದರು. ಕೆಮ್ಮಣ್ಣು, ಸುಣ್ಣ, ಕಾಡಿಗೆ ಬಳಿದ ಮೇಲೆ ಕೋಡಂಗಿ ಎಷ್ಟು ಚೆನ್ನಾಗಿ ಹಲ್ಲು ಕಿರಿದನೆಂದರೆ, ಹಾಲು ಹಾಕಲು ಬಂದ ಕೆಂಚಮ್ಮ ಅವನಿಗೆ ದಾರಿ ಬಿಟ್ಟು ನಿಂತಳು.

ರುದ್ರಯ್ಯನವರ ಬುದ್ಧಿಯೆಲ್ಲ ಆ ಹಲ್ಲಿನಲ್ಲಿತ್ತು. ಬಿದಿರಿನ ಸೀಳುಗಳನ್ನು ಬಾಯಿಯ ಸುತ್ತ ಒಳಮುಖವಾಗಿ ಬಾಗಿಸಿ ಕೂರಿಸಿದ್ದರು. ಒಳಕ್ಕೆ ತಳ್ಳಿದರೆ ಬಾಗಿ ದಾರಿ ಬಿಡುವುವು. ಹೊರಕ್ಕೆ ಎಳೆದರೆ ಒಂದಕ್ಕೊಂದು ಕೂಡಿಕೊಂಡು ತಡೆಯುವುವು.

ಶಿವರುದ್ರಮ್ಮನವರು ರೊಟ್ಟಿ ತಟ್ಟುತ್ತಲೇ ಕೇಳಿದರು: “ಅಲ್ಲಾ, ಒಳಕ್ ಓಗಿದ್ದು ಈಚೆಗ್ ಬರೋದು ಎಲ್ಲಿಂದ? ಇಂದ್ಗಡೆ ಒಂದ್ ಮುಚ್ಚಳ ಇಡಬಾರ್ದಾ?”

“ಮುಚ್ಚಳ ಇಟ್ರೆ ಕಳ್ಳಿ ಅದ್ನೇ ತೆಗೀತಾಳೆ. ಇದು ಬಂದೋಬಸ್ತು. ನಿಂಗೆ ತಿಳೀದು, ಸುಮ್ಕೆ ರೊಟ್ಟಿ ತಟ್ಟು.”

“ಆಗ್ಲಿ, ನಾನ್ ತಟ್ತೀನಿ. ನೀವು ಆಮೇಲ್ ತಟ್ಕಳೀರಂತೆ, ಅಣೇನ.”

ಸ್ಕೂಲಿನಲ್ಲಿ ಕೋಡಂಗಿಗೆ ಆದ ಮರ್ಯಾದೆ ಯಾವ ದೊರೆಗೂ ಆಗಿರಲಾರದು. ಪಕ್ಕದ ಬೆಂಚಿನವಳೊಬ್ಬಳು ಅವನ ಬಾಯಿಗೆ ಬೆರಳಿಟ್ಟು, ಹಲ್ಲು ಚುಚ್ಚಿಸಿಕೊಂಡು ಕಿರುಚಿದಳಂತೆ. ಹೋದ ವರ್ಷದ ಗಿಣಿ ಎತ್ತ ಹೋಯಿತೆಂಬುದೂ ಆಗ ಎಲ್ಲರಿಗೂ ತಿಳಿಯಿತಂತೆ. ಸಂಜೆ ಸರ್ವಮಂಗಳೆ ತುಂಬಿದ ಕೋಡಂಗಿಯನ್ನು ಸೊಂಟದ ಮೇಲೆ ಹೊತ್ತು ಬಂದು, ತಾತನ ತೊಡೆಯ ಮೇಲಿಟ್ಟಳು.

“ಗಿಣಿ ಒಳಗೈತೆ ತಾತ. ತೆಕ್ಕೊಡು.”

ರುದ್ರಯ್ಯ ಕೋಡಂಗಿಯನ್ನು ಬೋರಲು ಹಾಕಿ ಮೆಲ್ಲಗೆ ಅಲ್ಲಾಡಿಸಿದರು. ಪೊಟ್ಟಣಗಳೆಲ್ಲ ಬಾಯಿಯವರೆಗೆ ಓಡಿ ಬಂದು, ಹಲ್ಲು ಕಂಡು ನಿಂತುಬಿಟ್ಟವು. ಒಂದು ಬಿಳಿ ಎಳ್ಳು ಮಾತ್ರ ಉದುರಿತು.

ಶಿವರುದ್ರಮ್ಮನವರು ಒಳಗೆ ಹೋಗಿ ಈಳಿಗೆಮಣೆ ತಂದರು. ಮಗು ಕೋಡಂಗಿಯನ್ನು ತಬ್ಬಿಕೊಂಡು, “ಇವನ್ನ ಕುಯ್ಯಬ್ಯಾಡ ಅಜ್ಜಿ. ನಂಗೆ ಇವನೂ ಬೇಕು, ಗಿಣೀನೂ ಬೇಕು,” ಎಂದಳು.

“ಕುಯ್ಯೋದು ಯಾಕೆ? ಕೈ ಇಲ್ವಾ?” ಎಂದು ರುದ್ರಯ್ಯ ತೋಳು ಏರಿಸಿ ಬಲಗೈಯನ್ನು ಒಳಕ್ಕೆ ಬಿಟ್ಟರು. ಹಲ್ಲುಗಳು ನಯವಾಗಿ ಬಾಗಿ ದಾರಿ ಬಿಟ್ಟವು. ತಡಕಾಡಿದರು. ಕೊಕ್ಕು ಸಿಕ್ಕಿತು, ಬಾಲ ಸಿಕ್ಕಿತು. ಹಿಡಿದು ಎಳೆದರು. ಕೈ ಬರಲಿಲ್ಲ. ಇನ್ನಷ್ಟು ಬಿಗಿಹಿಡಿದು ಎಳೆದರು. ಬಿದಿರು ಮಣಿಕಟ್ಟನ್ನು ಕಚ್ಚಿತು, ಮುಷ್ಟಿಯೊಳಗೆ ಏನೋ ಕಟಕ್ಕೆಂದಿತು. ಆ ಸದ್ದು ಅವರೊಬ್ಬರಿಗೇ ಕೇಳಿಸಿತು.

“ಸಿಕ್ತಾ ತಾತ?”

“ಸಿಕ್ತು.”

“ಮತ್ತೆ ತೆಗಿ.”

“ಅರ್ಜೆಂಟ್ ಮಾಡ್ಬ್ಯಾಡ.”

ಅಷ್ಟರಲ್ಲಿ ಹಬ್ಬದ ಬಳೆ ತೊಡಿಸಲು ಇಸಾಕ್ ಸಾಬರು ಬಳೆಯ ಮಲಾರ ಹೊತ್ತು ಜಗಲಿಗೆ ಬಂದರು. ಒಂದು ಸಲ ಕೋಡಂಗಿಯನ್ನು, ಒಂದು ಸಲ ರುದ್ರಯ್ಯನವರನ್ನು ನೋಡಿದರು.

“ಇದೇನ್ ಅಯ್ಯನೋರೆ, ಯಾರು ಯಾರ್ನ ಇಡ್ಕಂಡಿರಾದು?”

“ನಮ್ಮೋರು ಬಂದೋಬಸ್ತ್ ಮಾಡವ್ರೆ,” ಎಂದರು ಶಿವರುದ್ರಮ್ಮ. “ಈಗ ಅದ್ರೊಳ್ಗೇ ಅವ್ರೆ.”

ಇಸಾಕ್ ಮಲಾರ ಇಳಿಸಿ ಪಕ್ಕಕ್ಕೆ ಕೂತರು. “ಇದೇನ್ ದೊಡ್ ಕೆಲ್ಸ ಅಲ್ಲ. ಎಂತೆಂಥಾ ದಪ್ಪ ಕೈಗೆ ಸಣ್ ಬಳೆ ಏರ್ಸಿವ್ನಿ, ಇಳ್ಸಿವ್ನಿ. ಒಂದ್ ತೊಟ್ಟು ಎಣ್ಣೆ ಬುಡಿ, ಎಬ್ಬೆಟ್ಟು ಅಂಗೈಗೆ ಒತ್ಕಳಿ. ಮುಷ್ಟಿ ಬಿಚ್ಚಿದ್ರೆ ಸಾಕು, ಬಂದ್ಬುಡ್ತದೆ.”

ಮುಷ್ಟಿ ಬಿಚ್ಚುವುದು! ಗಿಣಿಯ ತಲೆ ಹೆಬ್ಬೆರಳ ಕಡೆಗಿತ್ತು, ಮೈ ಕಿರುಬೆರಳ ಕಡೆಗಿತ್ತು. ಬೆವರಿಗೆ ಎರಡೂ ಅಂಟಂಟಾಗಿ ಕರಗುತ್ತಿದ್ದವು. ಮಗು ಕಣ್ಣು ಮಿಟುಕಿಸದೆ ತಾತನ ಮೊಣಕೈಯನ್ನೇ ನೋಡುತ್ತಿತ್ತು. ಶಿವರುದ್ರಮ್ಮನವರು ಎಣ್ಣೆಯ ಗಿಂಡಿ ಹಿಡಿದು ಬಂದೇಬಿಟ್ಟರು.

ರುದ್ರಯ್ಯ ಕೋಡಂಗಿಯನ್ನು ಎಡಗೈಯಿಂದ ಎದೆಗೆ ಒತ್ತಿಕೊಂಡು, ಗೋಡೆಯ ಕಡೆಗೆ ತಿರುಗಿ ಕೂತರು.

“ನನ್ ಕೈ ಏನೂ ಸಿಕ್ಕಂಡಿಲ್ಲ ಸಾಬ್ರೆ. ಗಿಣಿ ಒಳಗೆ ಎದರ್ಕಂಡದೆ, ಸಮಾಧಾನ ಮಾಡ್ತಾ ಕೂತಿವ್ನಿ. ಯಾರ್ ಸಹಾಯಾನೂ ಬ್ಯಾಡ. ನೀವು ಓಗಿ ಎಂಗಸ್ರಿಗೆ ಬಳೆ ತೊಡ್ಸಿ.”